ಹಳೆಯ ಕ್ಯಾಬರ್ನೆ ಬಾಟಲಿಗಳು: ಯಾವುದನ್ನು ಈಗ ತೆಗೆಯಬೇಕು, ಯಾವುದನ್ನು ಇನ್ನೂ ಇಡಬೇಕು?

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಈಗ ಒಂದು ವೈನ್ ಫ್ರಿಜ್ ಇರುತ್ತದೆ. ಊರಿಂದ ಬಂದ ನೆಂಟರನ್ನು ವೈನ್ ತೋಟಗಳ ನಾಪಾ ಕಣಿವೆಗೆ ಕರೆದುಕೊಂಡು ಹೋದಾಗ ತಂದ ಬಾಟಲಿ, ಯಾವುದೋ ವೈನರಿಯ ಕ್ಲಬ್ ಸೇರಿದ್ದಕ್ಕೆ ಮನೆ ಬಾಗಿಲಿಗೇ ಬರುವ ಪೆಟ್ಟಿಗೆ, ಗೃಹಪ್ರವೇಶಕ್ಕೆ ಯಾರೋ ಕೊಟ್ಟದ್ದು, ಹೀಗೆ ಸೇರುತ್ತಾ ಹೋಗುತ್ತವೆ. ಅದರಲ್ಲಿ ದೊಡ್ಡ ಪಾಲು ಕ್ಯಾಬರ್ನೆ ಸೋವಿನ್ಯೋನ್ ಅನ್ನುವ ದ್ರಾಕ್ಷಿಯ ಕೆಂಪು ವೈನ್. 'ಇದು ಒಳ್ಳೇದು, ಇನ್ನೂ ಹಳೇದಾಗಲಿ' ಅಂತ ಹಿಂದಕ್ಕೆ ತಳ್ಳಿಟ್ಟದ್ದು ನೋಡನೋಡುತ್ತಾ ಹನ್ನೆರಡು, ಹದಿನೈದು ವರ್ಷ ದಾಟಿಬಿಡುತ್ತದೆ. ಆಮೇಲೆ ಪ್ರಶ್ನೆ ಶುರು: ಈಗ ತೆಗೆಯೋದಾ, ಇನ್ನೂ ಕಾಯೋದಾ?

ಬಾಟಲಿಯನ್ನು ಹೊರಗಿನಿಂದ ನೋಡಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ವಿಮರ್ಶಕರು ಕೊಟ್ಟ ಅಂಕಗಳೂ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ. ಅವರು ಕುಡಿದದ್ದು ಅವರ ಬಾಟಲಿ, ನಿಮ್ಮ ಮನೆಯಲ್ಲಿ ಹಳೆಯದಾದದ್ದಲ್ಲ. ಇರುವ ದಾರಿ ಒಂದೇ: ನಾಲ್ಕೈದು ಬಾಟಲಿ ಒಟ್ಟಿಗೆ ತೆಗೆದು, ಪಕ್ಕಪಕ್ಕ ಇಟ್ಟು ರುಚಿ ನೋಡುವುದು. ಒಂದೊಂದೇ ಕುಡಿದರೆ 'ಚೆನ್ನಾಗಿದೆ' ಅನ್ನುವುದರಾಚೆ ಮಾತು ಹೋಗುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಇದ್ದಾಗಲೇ ಮೊದಲನೆಯದು ಬಾಯಿ ಬಿಡುತ್ತದೆ. ಯಾವುದು ಗೆದ್ದಿತು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ತೆಗೆದ ಬಾಟಲಿಗಳ ಜೊತೆಯವು ಇನ್ನೂ ಫ್ರಿಜ್‌ನಲ್ಲಿ ಮಲಗಿವೆಯಲ್ಲ, ಅವನ್ನು ಏನು ಮಾಡಬೇಕು ಅನ್ನುವುದೇ ಮುಖ್ಯ.

ಯಾವ ಬಾಟಲಿಗಳನ್ನು ಆರಿಸುವುದು

ಮೊದಲ ಸಲಕ್ಕೆ ನಾಲ್ಕು ಸಾಕು. ಆರು ದಾಟಬೇಡಿ. ಕ್ಯಾಬರ್ನೆಯ ಒಗರು ಬಾಯಲ್ಲಿ ಕೂತುಬಿಡುತ್ತದೆ. ಏಳನೆಯ ಗ್ಲಾಸಿನ ಹೊತ್ತಿಗೆ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ.

ಆರಿಸುವಾಗ ಒಂದೇ ವಿಷಯ ಬದಲಾಗಬೇಕು, ಮಿಕ್ಕದ್ದೆಲ್ಲ ಹಾಗೇ ಇರಬೇಕು. ಒಂದೇ ವೈನರಿಯ ಬೇರೆ ಬೇರೆ ವರ್ಷಗಳು, ಇಲ್ಲವೇ ಒಂದೇ ವರ್ಷದ ಬೇರೆ ಬೇರೆ ಜಾಗಗಳು. ಒಂದು 2008ರ ನಾಪಾ, ಒಂದು 2015ರ ಚಿಲಿ, ಒಂದು ಫ್ರಾನ್ಸಿನ ಬೋರ್ಡೋ ಅಂತ ಕಲಸಿಕೊಂಡರೆ ಸಂಜೆ ಖುಷಿಯಾಗಿ ಕಳೆಯುತ್ತದೆ, ಅಷ್ಟೇ. ವ್ಯತ್ಯಾಸ ಬಂದದ್ದು ಮಣ್ಣಿನಿಂದಲೋ ಹವೆಯಿಂದಲೋ ವಯಸ್ಸಿನಿಂದಲೋ ಹೇಳಲು ಆಗುವುದಿಲ್ಲ.

ನನ್ನ ಕೇಳಿದರೆ, ನಾಪಾದ ಒಂದೇ ವೈನರಿಯ 2010, 2011, 2012, 2013 ಸಿಕ್ಕರೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. 2010ರ ಬೇಸಿಗೆ ತಂಪಾಗಿತ್ತು, ಆಗಸ್ಟ್ ಕೊನೆಯಲ್ಲಿ ಇದ್ದಕ್ಕಿದ್ದಂತೆ ಬಿಸಿಲು ಏರಿತು. 2011 ಚಳಿಯ ವರ್ಷ, ಅಕ್ಟೋಬರಿನಲ್ಲಿ ಕೊಯ್ಲಿನ ಹೊತ್ತಿಗೇ ಮಳೆ. 2012ರಲ್ಲಿ ಎಲ್ಲ ಹದವಾಗಿ ಬಂತು, ಬೆಳೆಯೂ ಭರ್ಜರಿ. 2013 ಒಣ ವರ್ಷ. ಕಾಯಿ ಸಣ್ಣ, ಸಿಪ್ಪೆ ದಪ್ಪ, ಹಾಗಾಗಿ ಒಗರು ಗಟ್ಟಿ. ಮಾರುಕಟ್ಟೆಗೆ ಬಂದಾಗ 2011ನ್ನು ಮೂಗು ಮುರಿದವರೇ ಜಾಸ್ತಿ. ಆದರೆ ಒಳ್ಳೆಯ ಕೈಯಲ್ಲಿ ಆದ 2011 ಈಗ ತುಂಬಾ ಹಿತವಾಗಿರುತ್ತದೆ. ಅದನ್ನು ಸಾಲಿನಿಂದ ಬಿಡಬೇಡಿ.

ಜಾಗ ಹೋಲಿಸುವುದಾದರೆ ಬೆಟ್ಟ ಒಂದು ಕಡೆ, ಕಣಿವೆಯ ನೆಲ ಒಂದು ಕಡೆ. ನಾಪಾದ ಹೋವೆಲ್ ಮೌಂಟನ್ ಅನ್ನುವ ಪ್ರದೇಶ 1,400 ಅಡಿಗಿಂತ ಮೇಲೆ, ಬೆಳಗಿನ ಮಂಜು ಮುಟ್ಟದ ಎತ್ತರದಲ್ಲಿದೆ. ಕೆಳಗೆ ಕಣಿವೆಯ ನೆಲದಲ್ಲಿ ರದರ್‌ಫರ್ಡ್, ಓಕ್‌ವಿಲ್. ಬೆಟ್ಟದ ವೈನ್ ಸಾಮಾನ್ಯವಾಗಿ ಹೆಚ್ಚು ಒರಟು, ಮೆತ್ತಗಾಗಲು ಹೆಚ್ಚು ವರ್ಷ ಬೇಡುತ್ತದೆ.

ಲೇಬಲ್ ಕೂಡ ಸ್ವಲ್ಪ ಓದಿ. ಅಮೆರಿಕದಲ್ಲಿ ಕ್ಯಾಬರ್ನೆ ಅಂತ ಬರೆಯಲು ಆ ದ್ರಾಕ್ಷಿ ಶೇ. 75 ಇದ್ದರೆ ಸಾಕು. ಮಿಕ್ಕದ್ದು ಬೇರೆ ದ್ರಾಕ್ಷಿ, ಮೆರ್ಲೋ ಇರಬಹುದು, ಪೆಟಿ ವೆರ್ಡೋ ಇರಬಹುದು, ಮತ್ತು ಅದು ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ವೈನರಿಯ ಜಾಲತಾಣದಲ್ಲಿ ಆಯಾ ವರ್ಷದ ವಿವರ ಸಿಗುತ್ತದೆ. ಅದನ್ನು ನೋಡುವುದು ಮಾತ್ರ ರುಚಿ ನೋಡಿ ಮುಗಿದ ಮೇಲೆ.

ಇನ್ನೊಂದು ಮಾತು, 2017 ಮತ್ತು 2020ರ ಬಗ್ಗೆ. 2017ರ ಅಕ್ಟೋಬರ್ 8ರ ರಾತ್ರಿ ನಾಪಾ, ಸೊನೋಮಾದಲ್ಲಿ ಕಾಡ್ಗಿಚ್ಚು ಶುರುವಾದಾಗ ಹೆಚ್ಚಿನ ಹಣ್ಣು ಕೊಯ್ದಾಗಿತ್ತು, ಆದರೆ ಕೆಲವು ಕಡೆ ಕ್ಯಾಬರ್ನೆ ಇನ್ನೂ ಬಳ್ಳಿಯಲ್ಲೇ ಇತ್ತು. 2020 ಕೆಟ್ಟ ವರ್ಷ. ಆಗಸ್ಟಿನಲ್ಲಿ ಒಂದು ಬೆಂಕಿ, ಸೆಪ್ಟೆಂಬರ್ 27ಕ್ಕೆ 'ಗ್ಲಾಸ್ ಫೈರ್' ಅನ್ನುವ ಇನ್ನೊಂದು ಕಾಡ್ಗಿಚ್ಚು. ಆ ವರ್ಷ ಕೆಂಪು ವೈನ್ ಮಾಡುವುದನ್ನೇ ಬಿಟ್ಟ ವೈನರಿಗಳಿವೆ. ಹೊಗೆಯ ಅಂಶ ಹಣ್ಣಿನೊಳಗೆ ಸಕ್ಕರೆಗೆ ಅಂಟಿಕೊಂಡು ಕೂತಿರುತ್ತದೆ. ಅದು ಬಾಟಲಿಯಲ್ಲಿ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ, ಬಾಯಲ್ಲಿ ಎಂಜಲು ಸೇರಿದಾಗಲೂ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಕೊಂಡಾಗ ಸರಿಯಿದ್ದದ್ದು ಈಗ ನುಂಗಿದ ಮೇಲೆ ಬೂದಿ ನೆಕ್ಕಿದ ಹಾಗಿರಬಹುದು. ನಿಮ್ಮ ಬಳಿ 2020 ಇದ್ದರೆ ಇಟ್ಟು ಕಾಯಬೇಡಿ, ಬೇಗ ಒಂದು ತೆಗೆದು ನೋಡಿ.

ಬಾಟಲಿಯ ಮೈ ನೋಡುವುದು

ವೈನ್ ಹಳೆಯದಾಗಲು ಸರಿಯಾದ ಜಾಗ ಅಂದರೆ 13 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅಂದರೆ 55 ಫ್ಯಾರನ್‌ಹೀಟ್. ಕತ್ತಲೆ, ಸ್ವಲ್ಪ ತೇವ, ಅಲುಗಾಟ ಇಲ್ಲ, ಬಾಟಲಿ ಅಡ್ಡ ಮಲಗಿರಬೇಕು. ಗರಾಜಿನಲ್ಲಿ ಇಟ್ಟವರು ಇದ್ದಾರೆ. ಬೇ ಏರಿಯಾದ ಟ್ರೈ ವ್ಯಾಲಿಯ ಬೇಸಿಗೆಯಲ್ಲಿ ಗರಾಜು ಒಲೆಯಾಗುತ್ತದೆ. ಅಲ್ಲಿ ಎರಡು ಬೇಸಿಗೆ ಕಳೆದ ಬಾಟಲಿಯನ್ನು ಹೋಲಿಕೆಗೆ ತರುವುದರಲ್ಲಿ ಅರ್ಥವಿಲ್ಲ. ಅದು ವರ್ಷದ ರುಚಿ ಕೊಡುವುದಿಲ್ಲ, ಗರಾಜಿನ ರುಚಿ ಕೊಡುತ್ತದೆ.

ಬಾಟಲಿಯನ್ನು ನಿಲ್ಲಿಸಿ, ವೈನಿನ ಮಟ್ಟ ಎಲ್ಲಿದೆ ನೋಡಿ. ಹದಿನೈದು ವರ್ಷದೊಳಗಿನದು ಕುತ್ತಿಗೆಯಲ್ಲೇ ಇರಬೇಕು. ಮೂವತ್ತು ವರ್ಷದ್ದು ಭುಜದ ಮೇಲಂಚಿಗೆ ಇಳಿದಿದ್ದರೆ ಗಾಬರಿ ಬೇಡ. ಹನ್ನೆರಡು ವರ್ಷದ್ದೇ ಭುಜದ ಮಧ್ಯಕ್ಕೆ ಇಳಿದಿದ್ದರೆ ಕಾರ್ಕ್ ಸೋತಿದೆ, ಗಾಳಿ ಒಳಗೆ ಹೋಗಿದೆ ಅಂತ ಲೆಕ್ಕ. ಬಾಯಿಗೆ ಸುತ್ತಿದ ಹಾಳೆಯ ಕೆಳಗೆ ಅಂಟು ಜಿನುಗಿದ್ದರೆ, ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ ಶಾಖ ತಿಂದಿದೆ. ಅಂಥದ್ದನ್ನು ಪಕ್ಕಕ್ಕಿಟ್ಟು ಬೇರೆ ತೆಗೆದುಕೊಳ್ಳಿ. ಹೇಗೂ ಒಂದು ಬಾಟಲಿ ಹೆಚ್ಚಿಗೆ ಸಿದ್ಧ ಇಟ್ಟುಕೊಳ್ಳುವುದು ಜಾಣತನ.

ಎರಡು ದಿನ ಮೊದಲೇ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿಬಿಡಿ. ಹಳೆಯ ಕ್ಯಾಬರ್ನೆಯಲ್ಲಿ ಬಣ್ಣ ಮತ್ತು ಒಗರಿನ ಅಂಶಗಳು ಒಂದಕ್ಕೊಂದು ಕೂಡಿಕೊಂಡು, ಭಾರವಾಗಿ, ಗಷ್ಟಾಗಿ ಇಳಿದಿರುತ್ತವೆ. ವೈನ್ ಮೆತ್ತಗಾಗುವುದೂ ಇದರಿಂದಲೇ. ಆ ಗಷ್ಟು ತಳಕ್ಕೆ ಕೂರಲು ಸಮಯ ಬೇಕು.

ಮನೆ, ಮೂಗು, ಗ್ಲಾಸು

ಇದು ನಮ್ಮ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ್ದು. ರುಚಿ ನೋಡುವ ದಿನ ಮಧ್ಯಾಹ್ನದ ನಂತರ ಒಗ್ಗರಣೆ ಬೇಡ. ಇಂಗಿನ ಘಾಟು ಪರದೆಯಲ್ಲಿ, ಸೋಫಾದಲ್ಲಿ ಗಂಟೆಗಟ್ಟಲೆ ಕೂತಿರುತ್ತದೆ. ಊದುಬತ್ತಿ ಬೆಳಿಗ್ಗೆಯೇ ಹಚ್ಚಿ ಮುಗಿಸಿ. ಬರುವವರಿಗೆ ಸೆಂಟು ಹಾಕಿಕೊಳ್ಳಬೇಡಿ ಅಂತ ಮೊದಲೇ ಹೇಳಿ. ಹೇಳಲು ಮುಜುಗರ ಆಗುತ್ತದೆ ನಿಜ, ಆದರೆ ಒಬ್ಬರ ಸೆಂಟು ಎಂಟು ಜನರ ಮೂಗು ಕಟ್ಟುತ್ತದೆ. ಮಲ್ಲಿಗೆಯೂ ಅಷ್ಟೇ.

ಗ್ಲಾಸುಗಳೆಲ್ಲ ಒಂದೇ ಥರ ಇರಬೇಕು. ದುಬಾರಿಯದೇ ಬೇಕೆಂದಿಲ್ಲ. ಬಾಯಿ ಸ್ವಲ್ಪ ಒಳಮುಖವಾಗಿ ಬಾಗಿರಬೇಕು, ಪರಿಮಳ ಒಳಗೇ ನಿಲ್ಲಲು. ಒಬ್ಬರಿಗೆ ನಾಲ್ಕು ವೈನಿಗೆ ನಾಲ್ಕು ಗ್ಲಾಸ್. ಒಂದೇ ಗ್ಲಾಸ್ ತೊಳೆದು ತೊಳೆದು ಬಳಸಿದರೆ ಹೋಲಿಕೆ ಆಗುವುದಿಲ್ಲ, ಹಿಂದಿನದು ನೆನಪಿನಲ್ಲಷ್ಟೇ ಇರುತ್ತದೆ. ಕಪಾಟಿನಿಂದ ತೆಗೆದ ಗ್ಲಾಸನ್ನು ಒಮ್ಮೆ ಖಾಲಿಯಾಗಿಯೇ ಮೂಸಿ ನೋಡಿ. ಸೋಪಿನ ಅಥವಾ ಮರದ ವಾಸನೆ ಬಂದರೆ ಬಿಸಿನೀರಿನಲ್ಲಿ ಜಾಲಾಡಿಸಿ ಗಾಳಿಗೆ ಒಣಗಿಸಿ.

ತಲಾ 50 ಮಿಲಿ ಸಾಕು. 750 ಮಿಲಿ ಬಾಟಲಿಯಲ್ಲಿ ಎಂಟು ಜನರಿಗೆ ಸುರಿದರೂ ಊಟಕ್ಕೆ ಉಳಿಯುತ್ತದೆ. ಪ್ರತಿಯೊಬ್ಬರ ಮುಂದೆ ನೀರು, ಉಪ್ಪಿಲ್ಲದ ಬ್ರೆಡ್ ತುಂಡು, ಮತ್ತು ಉಗುಳಲು ಒಂದು ಕಾಗದದ ಕಪ್. ಉಗುಳುವುದಕ್ಕೆ ನಮ್ಮವರು ಸಂಕೋಚ ಪಡುತ್ತಾರೆ. ಗಾಡಿ ಓಡಿಸಿ ಮನೆಗೆ ಹೋಗಬೇಕಾದವರು ಸಂಕೋಚ ಬಿಡಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ರಕ್ತದ ಆಲ್ಕೋಹಾಲ್ ಮಿತಿ ಶೇ. 0.08. ಇವತ್ತಿನ ನಾಪಾ ಕ್ಯಾಬರ್ನೆಯ ಲೇಬಲ್ ಮೇಲೆ 14.5 ಅಂತ ಇದ್ದರೆ, ಅದು ಒಂದು ಪರ್ಸೆಂಟಿನವರೆಗೆ ಹೆಚ್ಚಿರಲು ಕಾನೂನೇ ಬಿಡುತ್ತದೆ.

ಕಾರ್ಕ್ ತೆಗೆಯುವುದು, ಬಸಿಯುವುದು

ಹತ್ತು ಹನ್ನೆರಡು ವರ್ಷದವರೆಗೆ ಮಾಮೂಲಿ ಸುರುಳಿ ಓಪನರ್ ನಡೆಯುತ್ತದೆ. ಅದಕ್ಕಿಂತ ಹಳೆಯ ಕಾರ್ಕ್ ಮೆತ್ತಗಾಗಿರುತ್ತದೆ, ಸುರುಳಿ ಹಾಕಿ ಎಳೆದರೆ ನಡುವೆ ಮುರಿಯುತ್ತದೆ. 'ಆ-ಸೋ' ಅನ್ನುವ ಎರಡು ಅಲಗಿನ ಓಪನರ್ ಇಟ್ಟುಕೊಳ್ಳಿ. ಉದ್ದದ ಅಲಗನ್ನು ಮೊದಲು ಕಾರ್ಕ್ ಮತ್ತು ಗಾಜಿನ ನಡುವೆ ತೂರಿಸಿ, ಆಮೇಲೆ ಇನ್ನೊಂದನ್ನು. ಆ ಕಡೆ ಈ ಕಡೆ ತೂಗುತ್ತಾ ಕೆಳಗಿಳಿಸಿ. ಪೂರ್ತಿ ಇಳಿದ ಮೇಲೆ ತಿರುಗಿಸುತ್ತಾ ಮೇಲಕ್ಕೆ ಎಳೆಯಿರಿ. ಅವಸರ ಮಾಡಿದರೆ ಕಾರ್ಕ್ ಒಳಗೆ ಬೀಳುತ್ತದೆ. ಬಿದ್ದರೂ ಪ್ರಪಂಚ ಮುಳುಗುವುದಿಲ್ಲ, ಸಣ್ಣ ಜಾಲರಿಯಲ್ಲಿ ಸೋಸಿಕೊಳ್ಳಬಹುದು. ಮನೆಯ ಕಾಫಿ ಫಿಲ್ಟರ್ ಮಾತ್ರ ಬೇಡ. ಎಷ್ಟು ತೊಳೆದರೂ ಡಿಕಾಕ್ಷನ್ ವಾಸನೆ ಬಿಡುವುದಿಲ್ಲ.

ಕಾರ್ಕಿನ ತಲೆಯ ಮೇಲೆ ಕಪ್ಪು ಬೂಸ್ಟು ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಅದು ವೈನನ್ನು ಮುಟ್ಟಿರುವುದಿಲ್ಲ.

ಬಸಿಯುವಾಗ ಬಾಟಲಿಯ ಕುತ್ತಿಗೆಯ ಕೆಳಗೆ ಫೋನಿನ ಟಾರ್ಚ್ ಹಚ್ಚಿಡಿ. ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ, ಜಗ್ಗಿಗೆ ಸುರಿಯಿರಿ. ಮೊದಲು ಧಾರೆ ತಿಳಿಯಾಗಿ ಹೊಳೆಯುತ್ತದೆ. ಕೊನೆಗೆ ಭುಜದ ಹತ್ತಿರ ಹೊಗೆಯ ಎಳೆಯಂತೆ ಗಷ್ಟು ಹರಿದು ಬರುವುದು ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ಎರಡು ಮೂರು ಚಮಚ ಹೋದರೆ ಹೋಗಲಿ. ಆಮೇಲೆ ಬಾಟಲಿಯನ್ನು ನೀರಲ್ಲಿ ಜಾಲಾಡಿಸಿ, ವೈನನ್ನು ವಾಪಸ್ ಅದಕ್ಕೇ ಸುರಿದರೆ ಚೀಲ ಹಾಕಿ ಹೆಸರು ಮುಚ್ಚಲು ಸುಲಭ.

ಎಷ್ಟು ಹೊತ್ತು ಮೊದಲು ಬಸಿಯಬೇಕು ಅಂತ ಎಲ್ಲರೂ ಕೇಳುತ್ತಾರೆ. ಎಂಟು ಹತ್ತು ವರ್ಷದ ಗಡುಸು ವೈನಿಗೆ ಒಂದೆರಡು ಗಂಟೆ ಗಾಳಿ ಒಳ್ಳೆಯದು. ಇಪ್ಪತ್ತು ದಾಟಿದ್ದಕ್ಕೆ ಸುರಿಯುವ ಸ್ವಲ್ಪ ಮೊದಲು ಬಸಿದರೆ ಸಾಕು, ಜಾಸ್ತಿ ಗಾಳಿ ಅದನ್ನು ಸುಸ್ತು ಮಾಡುತ್ತದೆ. ಆದರೆ ಹೋಲಿಸುವಾಗ ಎಲ್ಲಕ್ಕೂ ಒಂದೇ ನ್ಯಾಯ ಇರಬೇಕಲ್ವಾ? ನಾನು ಹೇಳುವುದು: ಎಲ್ಲವನ್ನೂ ಒಂದೇ ಹೊತ್ತಿಗೆ, ಸುರಿಯುವ ಅರ್ಧ ಗಂಟೆ ಮೊದಲು ಬಸಿಯಿರಿ. ಮಿಕ್ಕ ಗಾಳಿಯನ್ನು ಗ್ಲಾಸಿನಲ್ಲೇ ತೆಗೆದುಕೊಳ್ಳಲಿ. ಯಾವುದು ಎಷ್ಟು ಹೊತ್ತಿಗೆ ಅರಳುತ್ತದೆ ಅನ್ನುವುದೇ ನಮಗೆ ಬೇಕಾದ ಮಾಹಿತಿ. ಶಾಖ 16ರಿಂದ 18 ಡಿಗ್ರಿ. ಫ್ರಿಜ್‌ನಿಂದ ತೆಗೆದು ಈ ಅರ್ಧ ಗಂಟೆ ಹೊರಗಿಟ್ಟರೆ ಹೆಚ್ಚು ಕಡಿಮೆ ಅಲ್ಲಿಗೆ ಬರುತ್ತದೆ.

ಹೆಸರು ಮುಚ್ಚಿ ನೋಡುವುದು

ಅಂಗಡಿಯ ಕಂದು ಕಾಗದದ ಚೀಲ ಸಾಕು. ಒಬ್ಬರು ಚೀಲಕ್ಕೆ ಹಾಕಿ ಕುತ್ತಿಗೆಗೆ ಟೇಪ್ ಸುತ್ತಲಿ. ಅವರು ಹೊರಗೆ ಹೋದ ಮೇಲೆ ಇನ್ನೊಬ್ಬರು ಜಾಗ ಬದಲಿಸಿ ನಂಬರ್ ಬರೆಯಲಿ. ಆಗ ಯಾರಿಗೂ ಗೊತ್ತಿರುವುದಿಲ್ಲ. ಭಾರದ ಬಾಟಲಿ, ಉದ್ದ ಕುತ್ತಿಗೆ ನೋಡಿ ಊಹಿಸುವವರು ಇರುತ್ತಾರೆ, ಹಾಗಾಗಿ ಸುರಿಯುವ ಕೆಲಸ ಒಬ್ಬರೇ ಮಾಡಲಿ.

ಒಂದು ತುಂಟ ಉಪಾಯ ಇದೆ. ಒಂದು ವೈನನ್ನು ಎರಡು ನಂಬರಿನಲ್ಲಿ ಸುರಿಯಿರಿ, ಯಾರಿಗೂ ಹೇಳಬೇಡಿ. ಅದೇ ವೈನನ್ನು ಒಬ್ಬರು ಮೊದಲನೆಯ ಸ್ಥಾನಕ್ಕೂ ಕೊನೆಯ ಸ್ಥಾನಕ್ಕೂ ಹಾಕಿದರೆ, ಆ ಸಂಜೆಯ ತೀರ್ಮಾನಗಳನ್ನು ಎಷ್ಟು ನಂಬಬಹುದು ಅಂತ ತಿಳಿಯುತ್ತದೆ. ನಗುವೂ ಆಗುತ್ತದೆ.

ನೋಡು, ಮೂಸು, ಬಾಯಿಗೆ ಹಾಕು

ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆಯಾಗಿ ಹಿಡಿದು ಅಂಚು ನೋಡಿ. ಎಳೆಯದು ನೇರಳೆ ಬಣ್ಣ. ಹತ್ತು ವರ್ಷಕ್ಕೆ ಮಾಣಿಕ್ಯದ ಕೆಂಪು. ಇಪ್ಪತ್ತಕ್ಕೆ ಇಟ್ಟಿಗೆ ಬಣ್ಣ ಅಂಚಿನಿಂದ ಒಳಗೆ ಬರುತ್ತದೆ. ಒಂದೇ ವೈನರಿಯ ಸಾಲಿನಲ್ಲಿ ಎಳೆಯ ವರ್ಷದ್ದೇ ಹೆಚ್ಚು ಕಂದಾಗಿದ್ದರೆ ಆ ಬಾಟಲಿಗೆ ಏನೋ ಆಗಿದೆ. ಗ್ಲಾಸಿನ ಒಳಗೋಡೆಯಲ್ಲಿ ಇಳಿಯುವ ಗೆರೆಗಳನ್ನು ನೋಡಿ ಆಹಾ ಅನ್ನುವವರಿದ್ದಾರೆ. ಅದು ಆಲ್ಕೋಹಾಲಿನ ಆಟ, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೂಸುವಾಗ ಮೊದಲು ಅಲ್ಲಾಡಿಸದೆ, ಆಮೇಲೆ ತಿರುಗಿಸಿ. ಎಲ್ಲ ಗ್ಲಾಸುಗಳನ್ನೂ ಮೂಸಿ ಮುಗಿಯುವವರೆಗೆ ಯಾವುದನ್ನೂ ಬಾಯಿಗೆ ಹಾಕಬೇಡಿ. ಒಂದು ಬಾಯಿ ಒಗರಾದ ಮೇಲೆ ಮೂಗೂ ಮಂಕಾಗುತ್ತದೆ.

ಯಾವ ಪರಿಮಳ ಹುಡುಕುವುದು? ಇಂಗ್ಲಿಷ್ ಪುಸ್ತಕಗಳ ಪಟ್ಟಿ ಕಂಠಪಾಠ ಮಾಡುವ ಅಗತ್ಯ ಇಲ್ಲ. ನಮ್ಮ ಮೂಗಿಗೆ ಪರಿಚಯ ಇರುವುದನ್ನೇ ಬರೆಯಿರಿ. ಎಳೆಯ ಕ್ಯಾಬರ್ನೆಯಲ್ಲಿ ನೇರಳೆ ಹಣ್ಣು ಇದೆ, ಹಣ್ಣಿನ ಒಗರೂ ಸೇರಿ. ವಯಸ್ಸಾಗುತ್ತಾ ಹಣ್ಣು ಒಣಗುತ್ತದೆ, ಒಣದ್ರಾಕ್ಷಿ, ಅಂಜೂರದ ಕಡೆ ಹೋಗುತ್ತದೆ. ಪೆನ್ಸಿಲ್ ಕೆತ್ತಿದಾಗ ಬರುವ ವಾಸನೆ, ಹೊಗೆಸೊಪ್ಪು, ಹೊಸ ಚಪ್ಪಲಿಯ ಚರ್ಮ, ಅಣಬೆ, ಮೊದಲ ಮಳೆ ಬಿದ್ದ ಮಣ್ಣು, ಇವೆಲ್ಲ ಹಳೆಯದರಲ್ಲಿ ಏಳುತ್ತವೆ. ಕೆಲವದರಲ್ಲಿ ನೀಲಗಿರಿ ಎಣ್ಣೆಯ ವಾಸನೆ ಹೊಡೆಯುತ್ತದೆ. ಅದು ಕಲ್ಪನೆ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ತೋಟದ ಪಕ್ಕ ನೀಲಗಿರಿ ಮರಗಳಿದ್ದರೆ ಅದರ ಎಣ್ಣೆಯ ಅಂಶ ಗಾಳಿಯಲ್ಲಿ ಬಂದು ಹಣ್ಣಿನ ಮೇಲೆ ಕೂರುತ್ತದೆ.

ದಪ್ಪ ಮೆಣಸಿನಕಾಯಿಯನ್ನು ಹಸಿಯಾಗಿ ಹೆಚ್ಚಿದಾಗ ಬರುವ ವಾಸನೆಗೆ ಗಮನ ಕೊಡಿ. ಇದು ಕ್ಯಾಬರ್ನೆಯ ವಂಶದ ಗುಣ. ಈ ದ್ರಾಕ್ಷಿ ಕ್ಯಾಬರ್ನೆ ಫ್ರಾಂಕ್ ಮತ್ತು ಸೋವಿನ್ಯೋನ್ ಬ್ಲಾಂಕ್ ಎರಡರ ಮಗು ಅಂತ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತೋರಿಸಿದರು. ಆ ಹಸಿ ವಾಸನೆ ಅಪ್ಪ ಅಮ್ಮ ಇಬ್ಬರಲ್ಲೂ ಇದೆ. ಹಣ್ಣು ಬಿಸಿಲಲ್ಲಿ ಮಾಗುತ್ತಾ ಅದು ಕರಗುತ್ತದೆ. ಹಾಗಾಗಿ 2011ರಂಥ ಚಳಿ ವರ್ಷದಲ್ಲಿ ಉಳಿದುಕೊಳ್ಳುತ್ತದೆ, 2013ರಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಇದು ದೋಷ ಅಂತ ಕೆಲವರು, ಇದೇ ಕ್ಯಾಬರ್ನೆಯ ಲಕ್ಷಣ ಅಂತ ಕೆಲವರು. ನಾನು ಎರಡನೆಯ ಗುಂಪು.

ಬಾಯಿಗೆ ಹಾಕಿಕೊಂಡ ಮೇಲೆ ನಾಲ್ಕು ಕಡೆ ಗಮನ ಇರಲಿ. ನಾಲಿಗೆಯ ಪಕ್ಕದಲ್ಲಿ ನೀರೂರಿದರೆ ಅದು ಹುಳಿ. ಹುಳಿ ಚೆನ್ನಾಗಿದ್ದರೆ ವೈನಿಗೆ ಇನ್ನೂ ಜೀವ ಇದೆ. ವಸಡು, ಕೆನ್ನೆಯ ಒಳಗೆ ಹಿಡಿದ ಹಾಗಾದರೆ ಒಗರು. ಗಂಟಲಲ್ಲಿ ಬಿಸಿಯಾದರೆ ಆಲ್ಕೋಹಾಲ್. ಉಗುಳಿದ ಮೇಲೂ ಹಣ್ಣಿನ ರುಚಿ ಎಷ್ಟು ಸೆಕೆಂಡ್ ಉಳಿಯುತ್ತದೆ ಎಣಿಸಿ. ಹುಳಿ, ಒಗರು ಉಳಿದು ಹಣ್ಣು ಮಾಯವಾದರೆ ಲೆಕ್ಕಕ್ಕಿಲ್ಲ.

ಕೆಟ್ಟದ್ದನ್ನು ಗುರುತಿಸುವುದು

ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದರೆ ಕಾರ್ಕ್ ದೋಷ. ಟಿಸಿಎ ಅನ್ನುವ ರಾಸಾಯನಿಕ ಇದಕ್ಕೆ ಕಾರಣ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಆರೋಗ್ಯಕ್ಕೆ ಏನೂ ಆಗುವುದಿಲ್ಲ, ರುಚಿ ಹಾಳು. ಹಳೆಯ ಬಾಟಲಿ ತೆರೆದ ಕೂಡಲೇ ಮುಗ್ಗಲು ವಾಸನೆ ಸಹಜವಾಗಿಯೂ ಬರಬಹುದು, ಹಾಗಾಗಿ ತಕ್ಷಣ ಚೆಲ್ಲಬೇಡಿ. ಹದಿನೈದು ನಿಮಿಷ ಬಿಡಿ. ಸಹಜವಾದದ್ದು ಹಾರಿಹೋಗುತ್ತದೆ, ಟಿಸಿಎ ಇನ್ನೂ ಜೋರಾಗುತ್ತದೆ. ಹೆಚ್ಚು ಮೋಸ ಮಾಡುವುದು ಸ್ವಲ್ಪವೇ ಇರುವ ಟಿಸಿಎ. ರಟ್ಟಿನ ವಾಸನೆ ಇರುವುದಿಲ್ಲ, ಹಣ್ಣು ಮಾತ್ರ ಬಾಯಿ ಮುಚ್ಚಿಕೊಂಡಿರುತ್ತದೆ. 'ಈ ವರ್ಷ ಸಪ್ಪೆ' ಅಂತ ಬರೆದುಬಿಡುತ್ತೇವೆ. ಅನುಮಾನ ಬಂದರೆ ಹೆಚ್ಚಿಗೆ ಇಟ್ಟ ಬಾಟಲಿ ತೆಗೆಯಿರಿ.

ಕುದುರೆ ಲಾಯ ಅಥವಾ ಆಸ್ಪತ್ರೆ ಬ್ಯಾಂಡೇಜಿನ ವಾಸನೆ ಬಂದರೆ ಬ್ರೆಟ್ ಅನ್ನುವ ಯೀಸ್ಟ್. ಸ್ವಲ್ಪ ಇದ್ದರೆ ಇಷ್ಟಪಡುವವರೂ ಇದ್ದಾರೆ. ಉಗುರು ಬಣ್ಣ ತೆಗೆಯುವ ದ್ರವದ ವಾಸನೆ, ವಿನೆಗರ್ ವಾಸನೆ, ಕೊಯ್ದಿಟ್ಟು ಕಂದಾದ ಸೇಬಿನ ವಾಸನೆ ಬಂದರೆ ಸಾಲಿನಿಂದ ತೆಗೆಯಿರಿ.

ಒಂದು ಗಂಟೆ ಕಾಯಿರಿ

ಹೆಚ್ಚಿನವರು ಇಲ್ಲೇ ತಪ್ಪುತ್ತಾರೆ. ಒಂದು ಸುತ್ತು ಮುಗಿದ ಕೂಡಲೇ ಚೀಲ ಬಿಚ್ಚುತ್ತಾರೆ. ಬೇಡ. ಪ್ರತಿ ಗ್ಲಾಸಿನಲ್ಲೂ ಅರ್ಧ ಉಳಿಸಿ. ಇಪ್ಪತ್ತು ನಿಮಿಷಕ್ಕೆ ಒಮ್ಮೆ, ಒಂದು ಗಂಟೆಗೆ ಮತ್ತೊಮ್ಮೆ ಬನ್ನಿ. ಎರಡನೆಯ ಸುತ್ತು ಕೊನೆಯ ಗ್ಲಾಸಿನಿಂದ ಶುರುಮಾಡಿ. ಮೊದಲು ಕುಡಿದದ್ದರ ಕಡೆ ಒಲವು ಬರುವುದು ಎಲ್ಲರಿಗೂ ಸಹಜ.

ಗಂಟೆ ಕಳೆದ ಮೇಲೆ ಚೆನ್ನಾಗಿ ಅರಳಿದ ವೈನಿಗೆ ಇನ್ನೂ ವರ್ಷಗಳಿವೆ. ಸುರಿದ ಹತ್ತು ನಿಮಿಷ ಘಮಘಮ ಅಂದು ಆಮೇಲೆ ಕುಸಿದದ್ದು ಇಳಿಜಾರಿನಲ್ಲಿದೆ. ಇದು ಲ್ಯಾಬಿನ ನಿಯಮ ಅಲ್ಲ, ಅಂದಾಜು. ಆದರೆ ನಿರ್ಧಾರಕ್ಕೆ ಇದಕ್ಕಿಂತ ಒಳ್ಳೆಯ ಅಂದಾಜು ಮನೆಯಲ್ಲಿ ಸಿಗುವುದಿಲ್ಲ.

ಇದರ ಜೊತೆ ಹಣ್ಣು ಮತ್ತು ಒಗರನ್ನು ಸೇರಿಸಿ ನೋಡಿ. ಹಣ್ಣು ಗಟ್ಟಿ, ಒಗರೂ ಒರಟು ಅಂದರೆ ಜೊತೆಯ ಬಾಟಲಿಗಳನ್ನು ಮೂರು ನಾಲ್ಕು ವರ್ಷ ಮುಟ್ಟಬೇಡಿ. ಹಣ್ಣು ಇದೆ, ಒಗರು ಮೆತ್ತಗೆ ಹೊದ್ದ ಹಾಗಿದೆ ಅಂದರೆ ಇದೇ ಸರಿಯಾದ ಕಾಲ, ಎರಡು ಮೂರು ವರ್ಷದಲ್ಲಿ ಮುಗಿಸಿ. ಹಣ್ಣು ಹೋಗಿ ಒಗರು ಮಾತ್ರ ಒಣಗಿ ನಿಂತಿದ್ದರೆ ಕಾಯುವುದು ದಂಡ. ಒಗರು ಇನ್ನೂ ಮೆತ್ತಗಾಗಬಹುದು, ಹೋದ ಹಣ್ಣು ವಾಪಸ್ ಬರುವುದಿಲ್ಲ. ಎರಡೂ ಇಳಿದು ಅಣಬೆ, ಮಣ್ಣಿನ ವಾಸನೆಯಷ್ಟೇ ಉಳಿದಿದ್ದರೆ ಈ ತಿಂಗಳೇ ಊಟದ ಜೊತೆ ತೆಗೆದುಬಿಡಿ.

ಅಂಕ ಬೇಡ, ಸ್ಥಾನ ಸಾಕು

ಎಲ್ಲರೂ ಮಾತಾಡುವ ಮೊದಲು ತಮ್ಮ ಪಟ್ಟಿಯನ್ನು ಬರೆದಿರಬೇಕು. ಯಾರೋ ಒಬ್ಬರು 'ಆಹಾ, ಎರಡನೇದು!' ಅಂದರೆ ಮುಗಿಯಿತು, ಮಿಕ್ಕವರಿಗೂ ಎರಡನೆಯದೇ ಚೆನ್ನಾಗಿ ಕಾಣುತ್ತದೆ. ನೂರಕ್ಕೆ, ಇಪ್ಪತ್ತಕ್ಕೆ ಅಂಕ ಕೊಡುವ ಬದಲು ಒಂದು, ಎರಡು, ಮೂರು ಅಂತ ಸ್ಥಾನ ಕೊಡಿ. ಸ್ಥಾನಗಳನ್ನು ಕೂಡಿದಾಗ ಕಡಿಮೆ ಮೊತ್ತ ಬಂದದ್ದು ಮೇಲೆ. ಅಂಕ ಆದರೆ ಕೈ ಬಿಚ್ಚಿ ಕೊಡುವವರ, ಕತ್ತರಿಸುವವರ ಮಾತೇ ಒಟ್ಟು ಲೆಕ್ಕದಲ್ಲಿ ಜೋರಾಗುತ್ತದೆ.

1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸಿನ ವೈನುಗಳ ಹೆಸರು ಮುಚ್ಚಿ ನಡೆಸಿದ ಹೆಸರಾಂತ ಪರೀಕ್ಷೆಯಲ್ಲಿ ಹೀಗೇ ಇಪ್ಪತ್ತಕ್ಕೆ ಅಂಕ ಹಾಕಿ, ಒಂಬತ್ತು ಫ್ರೆಂಚ್ ತೀರ್ಪುಗಾರರ ಸರಾಸರಿ ತೆಗೆದಿದ್ದರು. ನಾಪಾದ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೆ ಬೋರ್ಡೋದ ಮೂಟೋನ್ ರಾತ್‌ಶೀಲ್ಡ್ 1970ನ್ನು ಕೂದಲೆಳೆಯಲ್ಲಿ ಹಿಂದಿಕ್ಕಿತು. 'ಕ್ಯಾಲಿಫೋರ್ನಿಯಾದ್ದು ಎಳೆಯದಾಗಿ ಚೆನ್ನಾಗಿರುತ್ತೆ, ವಯಸ್ಸಾದರೆ ನಿಲ್ಲಲ್ಲ' ಅಂತ ಫ್ರಾನ್ಸಿನವರು ಸಮಾಧಾನ ಮಾಡಿಕೊಂಡರು. ಮೂವತ್ತು ವರ್ಷ ಕಳೆದು 2006ರಲ್ಲಿ ಅದೇ ವೈನುಗಳನ್ನು ನಾಪಾ ಮತ್ತು ಲಂಡನ್ನಿನಲ್ಲಿ ಮತ್ತೆ ತೆರೆದರು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ. ಮೊದಲನೆಯದು, 1976ರಲ್ಲಿ ಐದನೆಯದಾಗಿದ್ದ ರಿಜ್ ಮಾಂಟೆ ಬೆಲ್ಲೋ 1971.

ಕ್ಯುಪರ್ಟಿನೋದಲ್ಲಿ ಕೆಲಸ ಮಾಡುವವರಿಗೆ ಗೊತ್ತಿರಲಿ, ಈ ತೋಟ ನಿಮ್ಮ ಆಫೀಸಿನ ಹಿಂದಿನ ಬೆಟ್ಟದ ಮೇಲೆಯೇ ಇದೆ. 1959ರಲ್ಲಿ ಅದನ್ನು ಕೊಂಡವರು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಎಂಜಿನಿಯರುಗಳು. ಆ 1971ರ ವೈನಿನ ಆಲ್ಕೋಹಾಲ್ ಶೇ. 12ರ ಆಸುಪಾಸು. ದಪ್ಪ, ಭಾರ, ಜೋರು ಇದ್ದದ್ದೇ ಹೆಚ್ಚು ಕಾಲ ಬಾಳುತ್ತದೆ ಅನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

ಬೆಂಗಳೂರಿನವರಿಗೆ

ಬೆಂಗಳೂರಿನ ಹವೆ ತಂಪು ಅನ್ನುವ ಮಾತು ವೈನಿಗೆ ಅನ್ವಯಿಸುವುದಿಲ್ಲ. ಏಪ್ರಿಲಿನಲ್ಲಿ ಕಪಾಟಿನೊಳಗೆ 28, 30 ಡಿಗ್ರಿ ಸುಲಭವಾಗಿ ಇರುತ್ತದೆ. ವೈನ್ ಫ್ರಿಜ್ ಇಲ್ಲದೆ ಹತ್ತು ವರ್ಷ ಕಾಯಿಸುವ ಯೋಚನೆ ಬಿಡಿ. ನಂದಿ ಬೆಟ್ಟದ ಬುಡದ ಗ್ರೋವರ್ ತೋಟದಲ್ಲಿ ಕ್ಯಾಬರ್ನೆ ಬೆಳೆಯುತ್ತದೆ. ಅವರ ಲಾ ರಿಸರ್ವ್ ಕ್ಯಾಬರ್ನೆ ಮತ್ತು ಶಿರಾಜ್ ಕೂಡಿದ್ದು. ಮೂರು ನಾಲ್ಕು ವರ್ಷ ಬೇರೆ ಬೇರೆ ವರ್ಷದ ಬಾಟಲಿ ಕೂಡಿಟ್ಟು ಇದೇ ರೀತಿ ಹೋಲಿಸಬಹುದು. ಇಪ್ಪತ್ತು ವರ್ಷ ಇಡುವ ವೈನ್ ಅಂತ ನಾನು ಹೇಳುವುದಿಲ್ಲ.

ಅಮೆರಿಕದಿಂದ ಬರುವವರ ಕೈಯಲ್ಲಿ ತರಿಸುವುದಾದರೆ ಒಬ್ಬರಿಗೆ ಸುಂಕವಿಲ್ಲದೆ ತರಲು ಬಿಡುವುದು 2 ಲೀಟರ್, ಅಂದರೆ ಎರಡು ಬಾಟಲಿ. ಹಳೆಯ ಬಾಟಲಿ ವಿಮಾನದಲ್ಲಿ ಅಲುಗಾಡಿ ಗಷ್ಟೆಲ್ಲ ಎದ್ದಿರುತ್ತದೆ. ಬಂದ ದಿನವೇ ತೆಗೆಯದೆ ಎರಡು ಮೂರು ವಾರ ತಂಪಿನಲ್ಲಿ ಸುಮ್ನೆ ಇರಲು ಬಿಡಿ.

ಉಳಿದದ್ದು

ಚೀಲ ಬಿಚ್ಚಿ, ಜಗಳ ಆಡಿ ಮುಗಿದ ಮೇಲೆ ಊಟ. ತುಂಬಾ ಖಾರ ಬೇಡ. ಖಾರ ಆಲ್ಕೋಹಾಲಿನ ಬಿಸಿಯನ್ನು ಹೆಚ್ಚಿಸುತ್ತದೆ, ಒಗರನ್ನೂ ಎತ್ತುತ್ತದೆ. ಮೆಣಸು ಹಾಕಿ ಹುರಿದ ಮಟನ್ ಚೆನ್ನಾಗಿ ಹೊಂದುತ್ತದೆ, ಕೊಬ್ಬು ಒಗರನ್ನು ಮೆದು ಮಾಡುತ್ತದೆ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಹಳೆಯ ಗಟ್ಟಿ ಚೀಸ್. ಹುಳಿ, ಸಾರು, ಉಪ್ಪಿನಕಾಯಿ ಇನ್ನೊಂದು ದಿನಕ್ಕಿರಲಿ.

ಪ್ರತಿ ಬಾಟಲಿಯಲ್ಲೂ ಸ್ವಲ್ಪ ಉಳಿಸಿ, ಕಾರ್ಕ್ ಹಾಕಿ ಫ್ರಿಜ್‌ನಲ್ಲಿಟ್ಟು ಮರುದಿನ ಸಂಜೆ ಮತ್ತೆ ನೋಡಿ. ರಾತ್ರಿ ಗೆದ್ದದ್ದು ಬೆಳಗಾಗುವಷ್ಟರಲ್ಲಿ ಸಪ್ಪೆಯಾಗಿ, ಯಾರೂ ಕೇಳದೆ ಬಿಟ್ಟ ನಾಲ್ಕನೆಯದು ಎದ್ದು ನಿಂತಿರುವುದು ಅಪರೂಪವಲ್ಲ. ಹಾಗಾದರೆ ಗೆದ್ದದ್ದರ ಜೊತೆಯವನ್ನು ಬೇಗ ಮುಗಿಸಿ, ನಾಲ್ಕನೆಯದರ ಜೊತೆಯವನ್ನು ಹಿಂದಿನ ಸಾಲಿಗೆ ತಳ್ಳಿ. ಬಾಟಲಿಯ ಕುತ್ತಿಗೆಗೆ ದಾರದಲ್ಲಿ ಒಂದು ಚೀಟಿ ಕಟ್ಟಿ, ಯಾವ ವರ್ಷದಿಂದ ಯಾವ ವರ್ಷದೊಳಗೆ ಕುಡಿಯಬೇಕು ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಮುಂದಿನ ಸಲ ವೈನರಿಗೆ ಹೋದಾಗ ಇಷ್ಟವಾದದ್ದನ್ನು ಒಂದೇ ಒಂದು ಕೊಳ್ಳಬೇಡಿ, ಮೂರು ಕೊಳ್ಳಿ: ಒಂದು ಪರೀಕ್ಷೆಗೆ, ಎರಡು ಕುಡಿಯುವುದಕ್ಕೆ.